ಘಾಟಿ ಇಳಿಯುವ ಪುಟ್ಟ ಕಾರಿಗೆ ಎಂಥ ಬ್ರೇಕ್ ಬೇಕು?

ಆಲೂರು ತಾಲ್ಲೂಕಿನ ಪಾಳ್ಯದಿಂದ ಮಂಗಳೂರಿನ ಕಡೆಗೆ ಹೊರಟ ಕಾರು ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟಿಗೆ ಇಳಿಯುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿದ್ದ ವಾಹನ ಗುಂಡ್ಯ ತಲುಪುವಷ್ಟರಲ್ಲಿ ಹೆಚ್ಚುಕಡಿಮೆ 800 ಮೀಟರ್ ಕೆಳಗೆ ಬಂದಿರುತ್ತದೆ. ಈ ಸೀಮೆಯಲ್ಲಿ ಮಾರುತಿ 800, ಆಲ್ಟೊಗಳಂಥ 12 ಇಂಚಿನ ಚಕ್ರದ ಪುಟ್ಟ ಕಾರುಗಳು ಇಂದಿಗೂ ದುಡಿಯುತ್ತಿವೆ. ಅವುಗಳ ಬ್ರೇಕ್ ಇನ್ನೂ ಚೆನ್ನಾಗಿ ಹಿಡಿಯಬೇಕು ಎಂದುಕೊಂಡವರಿಗೆ ಮೊದಲು ಹೊಳೆಯುವುದು ದೊಡ್ಡ ಚಕ್ರ. ಆದರೆ ಲೆಕ್ಕ ಹಾಕಿ ನೋಡಿದರೆ ಚಕ್ರ ಇದ್ದದ್ದೇ ಇರುವುದು ಮೇಲು. ಸುಧಾರಿಸಬೇಕಾದದ್ದು ಶಾಖವನ್ನು ತಡೆದುಕೊಳ್ಳುವ ಶಕ್ತಿ.

ಎತ್ತರವೆಲ್ಲ ಬಿಸಿಯಾದಾಗ

ಜನರೂ ಸಾಮಾನೂ ಸೇರಿ 900 ಕಿಲೋ ತೂಗುವ ಕಾರು 800 ಮೀಟರ್ ಕೆಳಗಿಳಿದಾಗ ಬಿಟ್ಟುಕೊಡುವ ಶಕ್ತಿ ಸುಮಾರು 70 ಲಕ್ಷ ಜೂಲ್. ಹಂಡೆಯಲ್ಲಿರುವ 21 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಾಖ ಸಾಕು. ಅದೇ ಕಾರು ಗಂಟೆಗೆ 80 ಕಿ.ಮೀ. ವೇಗದಿಂದ ಒಮ್ಮೆ ಪೂರ್ತಿ ನಿಂತರೆ ಬ್ರೇಕಿಗೆ ಸೇರುವ ಶಕ್ತಿ ಸುಮಾರು 2.2 ಲಕ್ಷ ಜೂಲ್. ಅಂದರೆ ಒಂದು ಘಾಟಿ ಇಳಿದರೆ ಅಂಥ ಮೂವತ್ತಕ್ಕೂ ಹೆಚ್ಚು ನಿಲುಗಡೆಗಳ ಶಕ್ತಿಯನ್ನು ಎಲ್ಲಿಗಾದರೂ ಸಾಗಹಾಕಬೇಕು. ಒಂದಿಷ್ಟು ಭಾಗ ಗಾಳಿಯ ತಡೆಗೆ, ಟೈರಿನ ಉರುಳುವಿಕೆಗೆ ಹೋಗುತ್ತದೆ. ಕೆಳ ಗೇರಿನಲ್ಲಿದ್ದರೆ ಎಂಜಿನ್ ದೊಡ್ಡ ಪಾಲನ್ನು ಹೀರಿಕೊಳ್ಳುತ್ತದೆ. ಉಳಿದದ್ದೆಲ್ಲ ಬ್ರೇಕಿನ ಪಾಲು.

ಈ ಶಾಖ ಬ್ರೇಕನ್ನು ಮೂರು ದಾರಿಯಲ್ಲಿ ಸೋಲಿಸುತ್ತದೆ. ಮುಂದಿನ ಚಕ್ರದ ಡಿಸ್ಕಿಗೆ ಒತ್ತಿಕೊಳ್ಳುವ ಪ್ಯಾಡಿನಲ್ಲಿರುವ ಅಂಟು ಪದಾರ್ಥ ಮಿತಿಮೀರಿ ಕಾದಾಗ ಅನಿಲ ಬಿಡುತ್ತದೆ. ಘರ್ಷಣೆ ಕುಸಿದು, ಎಷ್ಟು ಗಟ್ಟಿಯಾಗಿ ತುಳಿದರೂ ಬ್ರೇಕ್ ಹಿಡಿಯುವುದಿಲ್ಲ. ಹಿಂದಿನ ಚಕ್ರದ ಡ್ರಮ್ ಬಿಸಿಗೆ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ; ಪೆಡಲ್ ಮಾಮೂಲಿಗಿಂತ ಕೆಳಗಿಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ಬ್ರೇಕ್ ಆಯಿಲ್ ಕುದಿಯುವುದು. ದ್ರವವನ್ನು ಒತ್ತಿ ಕುಗ್ಗಿಸಲಾಗದು ಎಂಬ ಗುಣದ ಮೇಲೆಯೇ ಇಡೀ ವ್ಯವಸ್ಥೆ ನಿಂತಿದೆ. ಆಯಿಲ್ ಕುದಿದು ಆವಿಯ ಗುಳ್ಳೆ ಮೂಡಿತೆಂದರೆ ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಕರಗಿಹೋಗಿ, ಪೆಡಲ್ ನೆಲ ಮುಟ್ಟುತ್ತದೆ.

ಚಕ್ರ ದೊಡ್ಡದಾದರೆ ಏನಾಗುತ್ತದೆ?

ದೊಡ್ಡ ರಿಮ್ ಇದ್ದರೆ ಅದರೊಳಗೆ ದೊಡ್ಡ ಡಿಸ್ಕ್ ಕೂರುತ್ತದೆ ಎಂಬುದು ನಿಜ. ಡಿಸ್ಕ್ ದೊಡ್ಡದಾದಷ್ಟೂ, ಅದಕ್ಕೆ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಅಚ್ಚಿನಿಂದ ದೂರದಲ್ಲಿ ಹಿಡಿಯುವುದರಿಂದ ತಿರುಗುಬಲ ಹೆಚ್ಚುತ್ತದೆ. ಆದರೆ ಕಾರನ್ನು ನಿಲ್ಲಿಸುವ ಬಲ ರಸ್ತೆಗೆ ಮುಟ್ಟುವುದು ಟೈರಿನ ಅಂಚಿನಲ್ಲಿ. ಟೈರಿನ ತ್ರಿಜ್ಯ ಹೆಚ್ಚಿದಷ್ಟೂ ಅದೇ ಬ್ರೇಕ್ ಕೊಡುವ ಬಲ ತಗ್ಗುತ್ತದೆ. 12 ಇಂಚಿನ ರಿಮ್ಮಿನ 145/80 ಟೈರ್ ತೆಗೆದು 13 ಇಂಚಿನ 155/80 ಟೈರ್ ಹಾಕಿದರೆ ಹೊರವ್ಯಾಸ 537 ಮಿ.ಮೀ.ನಿಂದ 578ಕ್ಕೆ ಏರುತ್ತದೆ. ಬ್ರೇಕ್ ಹಳೆಯದೇ ಆಗಿದ್ದರೆ ಕಾರನ್ನು ನಿಲ್ಲಿಸುವ ಬಲ ಸುಮಾರು ಶೇ 7ರಷ್ಟು ಕಡಿಮೆಯಾಯಿತೆಂದೇ ಅರ್ಥ. ಸ್ಪೀಡೋಮೀಟರ್ ಕೂಡ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸತೊಡಗುತ್ತದೆ.

ಪುಟ್ಟ ಚಕ್ರದೊಳಗೇ ಒಳ್ಳೆಯ ಬ್ರೇಕ್ ಸಾಧ್ಯ ಎಂಬುದಕ್ಕೆ ಬ್ರಿಟನ್ನಿನ ಮಿನಿ ಕಾರು ಸಾಕ್ಷಿ. 1959ರಲ್ಲಿ ಬಂದ ಮಿನಿಯ ಚಕ್ರ 10 ಇಂಚಿನದು, ನಾಲ್ಕೂ ಕಡೆ ಡ್ರಮ್. 1961ರ ಮಿನಿ ಕೂಪರ್‌ನಲ್ಲಿ ಅದೇ 10 ಇಂಚಿನ ಚಕ್ರದೊಳಗೆ, ಮುಂದಕ್ಕೆ 7 ಇಂಚಿನ ಡಿಸ್ಕ್ ಕೂರಿಸಿದರು. ಅದೂ ಸಾಲದೆಂದು 1963ರ ಕೂಪರ್ ಎಸ್‌ನಲ್ಲಿ 7.5 ಇಂಚಿನ, ಇನ್ನೂ ದಪ್ಪನೆಯ ಡಿಸ್ಕ್ ಬಂತು. ಕಾಲಿನ ಬಲಕ್ಕೆ ನೆರವಾಗುವ ಸರ್ವೋ ಜೊತೆಯಾಯಿತು. ವ್ಯಾಸ ಹೆಚ್ಚಿದ್ದು ಅರ್ಧ ಇಂಚು ಮಾತ್ರ. ಆ ಕಾರು 1964ರಲ್ಲಿ ಆಲ್ಪ್ಸ್ ಪರ್ವತದ ತಿರುವುಗಳನ್ನು ಹಾದುಹೋಗುವ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದಿತು. ಕಬ್ಬಿಣದ ರಾಶಿ ಹೆಚ್ಚಿದರೆ ಒಂದೇ ಪ್ರಮಾಣದ ಶಾಖಕ್ಕೆ ಡಿಸ್ಕ್ ಕಡಿಮೆ ಕಾಯುತ್ತದೆ. ಎರಡು ಪದರಗಳ ನಡುವೆ ಗಾಳಿ ಹಾಯುವ ವೆಂಟಿಲೇಟೆಡ್ ಡಿಸ್ಕ್ ಆದರೆ, ಕಾದದ್ದು ಬೇಗ ಆರುತ್ತದೆ.

ಯಾವುದು ಮೊದಲು?

ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವುದು ಬ್ರೇಕ್ ಆಯಿಲ್. ಗ್ಲೈಕಾಲ್ ಜಾತಿಯ ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಕೊರತೆಯಿಲ್ಲ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ಅದರಲ್ಲಿ ಶೇ 3.7ರಷ್ಟು ನೀರು ಬೆರೆತರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಎರಡೂ ಒಂದೇ ಜಾತಿಯವಾದ್ದರಿಂದ ಡಾಟ್ 3 ಬಳಸುವ ಕಾರಿಗೆ ಡಾಟ್ 4 ಹಾಕಬಹುದು. ಸಿಲಿಕೋನ್ ಆಧಾರಿತ ಡಾಟ್ 5 ಮಾತ್ರ ಬೇರೆಯದೇ ಜಾತಿ, ಅದನ್ನು ಬೆರೆಸಕೂಡದು. ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಪೂರ್ತಿ ಹರಿಸಿ, ನಾಲ್ಕೂ ಚಕ್ರಗಳಲ್ಲಿ ಏರ್ ತೆಗೆಸಿದರೆ ಘಾಟಿಯ ದೊಡ್ಡ ಭಯವೊಂದು ಕಳೆದಂತೆ. ಹಳೆಯ ರಬ್ಬರ್ ಹೋಸುಗಳನ್ನು ಅದೇ ಹೊತ್ತಿಗೆ ಬದಲಿಸಿದರೆ ಪೆಡಲ್ ಗಟ್ಟಿಯಾಗುತ್ತದೆ.

ಎರಡನೆಯದು ಪ್ಯಾಡ್. ಅನೇಕ ಪ್ಯಾಡ್‌ಗಳ ಬೆನ್ನಿನ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳ ಗುರುತಿರುತ್ತದೆ. ಮೊದಲನೆಯದು ಮಾಮೂಲಿ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಚೆನ್ನಾಗಿ ಕಾದಾಗಿನದು. ‘ಇ’ ಅಂದರೆ 0.25ರಿಂದ 0.35, ‘ಎಫ್’ ಅಂದರೆ 0.35ರಿಂದ 0.45. ಘಾಟಿಯವರಿಗೆ ಎರಡನೆಯ ಅಕ್ಷರವೇ ಮುಖ್ಯ. ರೇಸಿನ ಪ್ಯಾಡ್ ನಮಗೆ ಹೊಂದದು. ಅದು ಕಾದ ಮೇಲಷ್ಟೇ ಹಿಡಿಯುತ್ತದೆ, ಮಂಜಿನ ಮುಂಜಾನೆಯ ಮೊದಲ ತಿರುವಿನಲ್ಲಿ ಕೈಕೊಡುತ್ತದೆ.

ಮೂರನೆಯದಾಗಿ ಡಿಸ್ಕ್ ಮತ್ತು ಕ್ಯಾಲಿಪರ್. 12 ಇಂಚಿನ ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ವ್ಯಾಸ 305 ಮಿ.ಮೀ.; ಒಳಗಿನ ತಗ್ಗು, ಕ್ಯಾಲಿಪರಿನ ದಪ್ಪ, ನಡುವಿನ ಸಂದು ಕಳೆದರೆ ಡಿಸ್ಕಿಗೆ ಉಳಿಯುವುದು ಇನ್ನೂರು ಚಿಲ್ಲರೆ ಮಿ.ಮೀ. ಮಾತ್ರ. ಹೀಗಾಗಿ ವ್ಯಾಸದ ಬದಲು ದಪ್ಪ ಹೆಚ್ಚಿಸುವುದು ಜಾಣತನ. ಹೊಸದನ್ನು ಕೂರಿಸಿದ ಮೇಲೆ ಚಕ್ರವನ್ನು ಕೈಯಲ್ಲೇ ತಿರುಗಿಸಿ, ಸ್ಟೀರಿಂಗ್ ಎರಡೂ ಕಡೆಗೆ ಪೂರ್ತಿ ಎಳೆದು, ರಿಮ್ಮಿನ ಒಳಗೆ ಅಂಟಿಸಿದ ಬ್ಯಾಲೆನ್ಸಿಂಗ್ ತೂಕಗಳು ಕ್ಯಾಲಿಪರಿಗೆ ತಾಗುತ್ತವೆಯೇ ನೋಡಬೇಕು. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದರೆ ಅದನ್ನು ತಳ್ಳಲು ಹೆಚ್ಚು ಆಯಿಲ್ ಬೇಕು. ಪೆಡಲ್ ತುಳಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಅದಕ್ಕೆ ಸರಿಹೊಂದದಿದ್ದರೆ ಪೆಡಲ್ ಆಳಕ್ಕೆ ಹೋಗುತ್ತದೆ.

ಹಿಂದಿನ ಬ್ರೇಕಿನ ಬಲ ಮಾತ್ರ ಹೆಚ್ಚಿಸಬಾರದು. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಮಾರುತಿ 800ರ ಮುಂದಿನ, ಹಿಂದಿನ ಅಚ್ಚುಗಳ ನಡುವೆ ಇರುವುದು 2175 ಮಿ.ಮೀ.; ಇಷ್ಟು ಗಿಡ್ಡ ಕಾರಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರಗಳಿಂದ ಮುಂದಕ್ಕೆ 140 ಕಿಲೋದಷ್ಟು ಭಾರ ಸರಿಯಬಹುದು. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಹಗುರಾದ ಹಿಂಚಕ್ರಗಳು ಮೊದಲು ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆ. ಹಿಂದಿನ ಡ್ರಮ್ಮಿನಲ್ಲಿ ಶೂ ಅಡ್ಜಸ್ಟ್‌ಮೆಂಟ್ ಸರಿಯಾಗಿದ್ದು, ಆಯಿಲ್ ಸೋರದಿದ್ದರೆ ಸಾಕು.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ, ತಯಾರಕರು ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. ಹಾಗಾಗಿ ಡಿಸ್ಕ್, ಕ್ಯಾಲಿಪರ್ ಬದಲಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಆಯಿಲ್, ಪ್ಯಾಡ್, ಹೋಸುಗಳಿಗೆ ಆ ತೊಡಕಿಲ್ಲ. ಹೆಚ್ಚಿನವರಿಗೆ ಅಷ್ಟೇ ಸಾಕಾಗುತ್ತದೆ.

ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲದ ಹಳೆಯ ಕಾರೂ ಒದ್ದೆ ರಸ್ತೆಯಲ್ಲಿ ಚಕ್ರ ಲಾಕ್ ಮಾಡುವಷ್ಟು ಬಲ ಹೊಂದಿರುತ್ತದೆ. ಅಲ್ಲಿ ನಿಲ್ಲುವ ದೂರವನ್ನು ನಿರ್ಧರಿಸುವುದು ಟೈರಿನ ಹಿಡಿತ; ಸವೆದ ಟೈರಿಗೆ ಎಂಥ ಡಿಸ್ಕ್ ಹಾಕಿದರೂ ವ್ಯರ್ಥ. ಇನ್ನು ಶಾಖದ ದೊಡ್ಡ ಪಾಲನ್ನು ಬ್ರೇಕಿಗೆ ತಲುಪದಂತೆ ತಡೆಯುವುದು ಗೇರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ರೈಲುಮಾರ್ಗದ ಇಳಿಜಾರು 50 ಮೀಟರಿಗೆ 1 ಮೀಟರ್. ಅಲ್ಲಿ ರೈಲು ಎಂಜಿನ್ನಿನ ಮೋಟಾರುಗಳನ್ನೇ ಜನರೇಟರುಗಳಂತೆ ದುಡಿಸಿ ವೇಗ ತಡೆಯುತ್ತಾರೆ, ಚಕ್ರದ ಬ್ರೇಕೊಂದನ್ನೇ ನಂಬುವುದಿಲ್ಲ. ಕಾರಿನಲ್ಲಿ ಆ ಕೆಲಸ ಎರಡನೆಯ ಅಥವಾ ಮೂರನೆಯ ಗೇರಿನದು. ಇಳಿಜಾರು ಶುರುವಾಗುವ ಮೊದಲೇ ಆ ಗೇರಿಗೆ ಬನ್ನಿ. ನ್ಯೂಟ್ರಲ್ಲಿನಲ್ಲಿ ಇಳಿಸಿ ಹನಿ ಪೆಟ್ರೋಲ್ ಉಳಿಸುವ ಅಭ್ಯಾಸ ಬಿಡಿ. ಬ್ರೇಕ್ ಸುಧಾರಣೆಯಲ್ಲಿ ದುಡ್ಡೇ ಬೇಡದ ಭಾಗ ಇದೊಂದೇ, ಬೇರೆಲ್ಲವೂ ಇದರ ನಂತರ.