ಗುಡುಗಿದ ಮೋಡ ಬೆಂಕಿ ಆರಿಸುತ್ತದೆಯೇ?

ಗುಡುಗಿದರೆ ಮಳೆ ಬಂತೆಂದೇ ಲೆಕ್ಕ, ಮಳೆ ಬಂದರೆ ಕಾಡಿನ ಬೆಂಕಿಯ ಭಯ ಕಳೆಯಿತು ಎಂಬ ನಂಬಿಕೆ ನಮ್ಮ ಕಡೆ ಬಹುಮಟ್ಟಿಗೆ ನಡೆಯುತ್ತದೆ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಇದನ್ನು ನಂಬಿ ಕೂತವರು ಕೆಡುತ್ತಾರೆ.

ಅಲ್ಲಿ ಕಡುಬೇಸಿಗೆಯ ಮೋಡ ಬಹಳ ಎತ್ತರದಲ್ಲಿ ಕಟ್ಟುತ್ತದೆ, ಅದರ ಕೆಳಗಿನ ಗಾಳಿ ಒಣಗಿರುತ್ತದೆ. ಸುರಿದ ಹನಿಗಳು ಅರ್ಧ ದಾರಿಯಲ್ಲೇ ಆವಿಯಾಗುತ್ತವೆ. ದೂರದಿಂದ ನೋಡಿದರೆ ಮೋಡದ ಬುಡದಲ್ಲಿ ಬೂದುಬಣ್ಣದ ಎಳೆಗಳು ಜೋತಾಡುತ್ತಿರುತ್ತವೆ, ನೆಲಕ್ಕೆ ಮಾತ್ರ ತಾಗುವುದಿಲ್ಲ. ಸಿಡಿಲಿಗೆ ಆ ಅಡ್ಡಿಯಿಲ್ಲ. 2020ರ ಆಗಸ್ಟ್ ಮಧ್ಯದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವೇ ದಿನಗಳಲ್ಲಿ ಸಾವಿರಾರು ಸಿಡಿಲು ಬಡಿದು ನೂರಾರು ಕಡೆ ಬೆಂಕಿ ಹೊತ್ತಿತು. ಅವುಗಳಲ್ಲಿ 38 ಬೆಂಕಿಗಳನ್ನು ಸೇರಿಸಿ ‘ಆಗಸ್ಟ್ ಕಾಂಪ್ಲೆಕ್ಸ್’ ಎಂದು ಕರೆದರು. ಅದೊಂದೇ ಹತ್ತು ಲಕ್ಷ ಎಕರೆಗೂ ಹೆಚ್ಚು ಸುಟ್ಟಿತು.

ನಾಲ್ಕು ಹನಿ ಬಿದ್ದರೂ ಸಾಕು, ಹತ್ತಿದ್ದು ಆರುತ್ತದೆ ಎನ್ನುವುದೂ ಪೂರ್ತಿ ಸರಿಯಲ್ಲ. ಸಿಡಿಲು ಹೊಡೆದ ಒಣಮರದ ಪೊಟರೆಯೊಳಗೆ, ಬೇರಿನ ಬುಡದ ತರಗಿನಡಿ ಕಿಡಿ ಬೂದಿ ಮುಚ್ಚಿದ ಕೆಂಡದಂತೆ ದಿನಗಟ್ಟಲೆ ಕೂತಿರುತ್ತದೆ. ಬಿಸಿಲೇರಿ ಗಾಳಿ ಬೀಸಿದ ಮಧ್ಯಾಹ್ನ ಹೊಗೆ ಏಳುತ್ತದೆ. ಆ ಹೊತ್ತಿಗೆ ಗುಡುಗಿದ್ದೇ ಜನಕ್ಕೆ ಮರೆತಿರುತ್ತದೆ.

ಇನ್ನು ಗಾಳಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಇದೇ. ಹನಿ ಆವಿಯಾದಂತೆ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ದಡಾರನೆ ಕೆಳಗಿಳಿದು ನೆಲಕ್ಕೆ ಬಡಿದು ಸುತ್ತಲೂ ನುಗ್ಗುತ್ತದೆ. ಅರಿಜೋನಾದ ಯಾರ್ನೆಲ್ ಊರಿನ ಬಳಿಯ ಗುಡ್ಡದಲ್ಲಿ 2013ರ ಜೂನ್ 28ರಂದು ಸಿಡಿಲಿನಿಂದ ಸಣ್ಣದೊಂದು ಬೆಂಕಿ ಹತ್ತಿತ್ತು. 30ರ ಸಂಜೆ ಹತ್ತಿರದ ಗುಡುಗುಮೋಡದಿಂದ ನುಗ್ಗಿದ ಗಾಳಿ ಅದರ ದಿಕ್ಕನ್ನೇ ತಿರುಗಿಸಿತು. ಪೊದೆ ತುಂಬಿದ ಕಣಿವೆಯಲ್ಲಿ ಸಿಕ್ಕಿಕೊಂಡ 19 ಅಗ್ನಿಶಾಮಕರು ಸುಟ್ಟುಹೋದರು. ಪಳಗಿದ ತಂಡವೇ ಅದು.

ಇಷ್ಟು ಓದಿ ಬಂಡೀಪುರದ ಬೆಂಕಿಯನ್ನೂ ಸಿಡಿಲಿನ ತಲೆಗೆ ಕಟ್ಟಬೇಡಿ. ಬಿದಿರಿಗೆ ಬಿದಿರು ಉಜ್ಜಿ ಹತ್ತಿತು ಎಂಬ ಹಳೇ ಸಮಜಾಯಿಷಿಗೂ ಹೆಚ್ಚು ಬೆಲೆ ಬೇಡ. ನಮ್ಮಲ್ಲಿ ಕಾಡು ಸುಡುವುದು ಹೆಚ್ಚಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ, ಗುಡುಗಿನ ಮಳೆ ಶುರುವಾಗುವ ಮೊದಲೇ. ಬಹುಪಾಲು ಹಚ್ಚುವವರು ಮನುಷ್ಯರೇ. ಅಮೆರಿಕದಲ್ಲೂ ಎಣಿಕೆಯಲ್ಲಿ ಮನುಷ್ಯರು ಹಚ್ಚಿದ್ದೇ ಹೆಚ್ಚು. ಆದರೆ ಸಿಡಿಲು ಬೀಳುವುದು ಹೆಚ್ಚಾಗಿ ದಾರಿಯಿಲ್ಲದ ಗುಡ್ಡಗಳಲ್ಲಿ, ಅದೂ ಒಮ್ಮೆಗೇ ಹತ್ತಾರು ಕಡೆ. ಯಾವ ಬೆಂಕಿಗೆ ಮೊದಲು ಆಳು ಕಳಿಸುವುದು?