ಮಗನ ಚಟ: ಠಾಣೆಗೋ, ಆಸ್ಪತ್ರೆಗೋ?

"ಪೊಲೀಸರಿಗೆ ಹೇಳಿದ್ರೆ ನಮ್ಮ ಹುಡುಗನ್ನೇ ಒಳಗೆ ಹಾಕ್ತಾರಲ್ವೇನ್ರೀ?" ವಿನೋಬನಗರವಿರಲಿ, ಭದ್ರಾವತಿಯಿರಲಿ, ಮಗನ ಚಟ ಗೊತ್ತಾದ ತಾಯಿ ಬಾಯಿ ಬಿಡದಿರೋದು ಈ ಹೆದರಿಕೆಗೇ. ಜೊತೆಗೆ ಅಕ್ಕಪಕ್ಕದವರು ಏನಂದಾರು ಅನ್ನೋ ಚಿಂತೆ ಬೇರೆ!

ಸರ್ಕಾರ ಪೊಲೀಸರಿಗೆ ದುಡ್ಡು ಕೊಡೋದು ಮಾರುವವರನ್ನು ಹಿಡಿಯಲಿ ಅಂತ. ಆದರೆ 1985ರ ಮಾದಕ ವಸ್ತು ಕಾಯ್ದೆಯಡಿ ಒಂದು ರಾಷ್ಟ್ರೀಯ ನಿಧಿಯೂ ಇದೆ. ದಂಧೆಕೋರರಿಂದ ಮುಟ್ಟುಗೋಲು ಹಾಕಿಕೊಂಡ ಆಸ್ತಿ ಮಾರಿದ ಹಣ ಅದಕ್ಕೇ ಸೇರಬೇಕು. ಕಳ್ಳಸಾಗಣೆ ತಡೆಯೋದಕ್ಕೂ, ವ್ಯಸನಿಗಳ ಚಿಕಿತ್ಸೆಗೂ ಅದನ್ನು ಬಳಸಬಹುದು. (ನನ್ನ ಕೇಳಿದ್ರೆ ಚಿಕಿತ್ಸೆಗೇ ದೊಡ್ಡ ಪಾಲು ಸಿಗಬೇಕು.)

ಸೇವಿಸಿದವರಿಗೂ ಶಿಕ್ಷೆ ಇದೆ, ನಿಜ. ಹೆರಾಯಿನ್‌ಗೆ ಒಂದು ವರ್ಷದವರೆಗೆ, ಗಾಂಜಾಕ್ಕೆ 6 ತಿಂಗಳವರೆಗೆ ಜೈಲು. ಆದರೆ ಅದೇ ಕಾಯ್ದೆಯ 64ಎ ಕಲಂ ಓದಿ: ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ. ಚಿಕಿತ್ಸೆ ಅರ್ಧಕ್ಕೇ ಬಿಟ್ಟರೆ ರಕ್ಷಣೆ ತಪ್ಪಬಹುದು. ಮಾರಾಟಕ್ಕೆ ಇಳಿದವರ ಕಥೆ ಬೇರೆ ಬಿಡಿ.

ಮಗನ ಕಣ್ಣಪಾಪೆ ಸೂಜಿಮೊನೆಯಷ್ಟಾಗಿದೆಯಾ? ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸ್ತಾನಾ? ಹೆರಾಯಿನ್ ಮಾತ್ರವಲ್ಲ, 2018ರಲ್ಲಿ ಇದೇ ಕಾಯ್ದೆಯಡಿ ಬಂದ ಟ್ರಮಡಾಲ್‌ನಂಥ ನೋವಿನ ಮಾತ್ರೆಯ ದುರ್ಬಳಕೆಯೂ ಕಾರಣವಿರಬಹುದು. ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸೋಕೆ ಹೋಗಬೇಡಿ. ಕೆಲವು ದಿನ ಬಿಟ್ಟು ಮತ್ತೆ ಹಳೇ ಪ್ರಮಾಣವನ್ನೇ ತಗೊಂಡ್ರೆ ಉಸಿರೇ ನಿಲ್ಲಬಹುದು! ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ವ್ಯಸನಮುಕ್ತಿ ಸಲಹೆಗೆ 14446ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ಮಾರುವವರ ಸುಳಿವಿದ್ದರೆ 1933, ಅಲ್ಲಿ ನಿಮ್ಮ ಹೆಸರು ಹೇಳಬೇಕಿಲ್ಲ.