ಕಾವಿಗೆ ಕೂತದ್ದು ಅಪ್ಪ

ಮಳೆಗಾಲದಲ್ಲಿ ತಾವರೆ ಕೆರೆಯ ದಡದಲ್ಲಿ ಸುಮ್ಮನೆ ಹತ್ತು ನಿಮಿಷ ನಿಂತರೆ, ಎಲೆಯಿಂದ ಎಲೆಗೆ ಹೆಜ್ಜೆಯಿಟ್ಟು ನಡೆಯುವ ಒಂದು ಹಕ್ಕಿ ಕಂಡೀತು. ಅದೇ ಜಕಾನಾ. ಮರಾಠಿಯವರು ಕಮಳಪಕ್ಷಿ ಅಂತಾರೆ. ಎಲೆ ಮುಳುಗುವುದಿಲ್ಲ ಯಾಕೆಂದರೆ ಅದರ ಕಾಲ್ಬೆರಳೂ ಉಗುರೂ ವಿಪರೀತ ಉದ್ದ; ಮೈಭಾರವೆಲ್ಲ ಹಂಚಿಹೋಗುತ್ತದೆ.

ನಮ್ಮ ದೇಶದಲ್ಲಿ ಎರಡು ಜಾತಿಯ ಜಕಾನಾಗಳಿವೆ. ಮುಂಬಯಿಯ ಪೊವಾಯಿ ಕೆರೆಯಲ್ಲಿ ಕಾಣಸಿಗುವುದು ಕಂಚು ರೆಕ್ಕೆಯದು. ತಲೆ, ಕತ್ತು ಹೊಳೆಯುವ ಕಪ್ಪು, ಬೆನ್ನು ಕಂಚಿನ ಬಣ್ಣ, ಕಣ್ಣಿನ ಮೇಲೆ ಬಿಳಿ ಸುಣ್ಣದ ಗೀರೆಳೆದಂಥ ಹುಬ್ಬು, ಬಾಲ ಮೋಟು. ಇನ್ನೊಂದು ಉದ್ದ ಬಾಲದ್ದು. ಮೈ ಚಾಕೊಲೇಟ್ ಕಂದು, ಮುಖ ಮತ್ತು ರೆಕ್ಕೆ ಬಿಳಿ, ಹಿಂಗತ್ತು ಬಂಗಾರದ ಹಳದಿ, ಕುಡುಗೋಲಿನಂತೆ ಬಾಗಿದ ಬಾಲ. ಆದರೆ ಈ ಠೀವಿಯೆಲ್ಲ ಮೊಟ್ಟೆಯಿಡುವ ಕಾಲಕ್ಕೆ ಮಾತ್ರ. ಚಳಿಗಾಲಕ್ಕೆ ಬಾಲ ಉದುರಿ, ಬೆನ್ನು ಮಂಕು ಕಂದಾಗಿ, ಹೊಟ್ಟೆ ಬಿಳಿಯಾಗಿ, ಎದೆಗೆ ಅಡ್ಡಲಾಗಿ ಒಂದು ಕರಿಯ ಪಟ್ಟಿ ಉಳಿಯುತ್ತದೆ. ಆಗ ಗುರುತು ಹಿಡಿಯೋದು ಹೇಗೆ? ಹಾರುವ ತನಕ ಕಾಯಬೇಕು. ರೆಕ್ಕೆ ಬೆಳ್ಳಗೆ ಬಿಚ್ಚಿಕೊಂಡರೆ ಉದ್ದ ಬಾಲದ್ದೇ, ಕಪ್ಪಾಗಿದ್ದರೆ ಕಂಚು ರೆಕ್ಕೆಯದು.

ಇನ್ನು ಸಂಸಾರದ ವಿಷಯ. ಗೂಡಿನ ಮೇಲೆ ಕೂತ ಹಕ್ಕಿಯನ್ನು ನೋಡಿ "ಪಾಪ, ತಾಯಿ" ಅನ್ನುತ್ತೇವೆ. ಜಕಾನಾದಲ್ಲಿ ಅದು ಅಪ್ಪ! ಹೆಣ್ಣು ಗಾತ್ರದಲ್ಲಿ ದೊಡ್ಡದು, ಜಗಳಗಂಟಿ, ಕೆರೆಯ ಒಂದು ಪಾಲನ್ನು ಇತರ ಹೆಣ್ಣುಗಳಿಂದ ಕಾಯುವುದೇ ಅದರ ಕೆಲಸ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಒಂದು ಗಂಡಿನ ಗೂಡಿನಲ್ಲಿ ನಾಲ್ಕು ಮೊಟ್ಟೆಯಿಟ್ಟು, ಹತ್ತು ಹನ್ನೆರಡು ದಿನದಲ್ಲಿ ಇನ್ನೊಂದು ಗಂಡಿಗೆ ಇನ್ನು ನಾಲ್ಕು. ಉದ್ದ ಬಾಲದ ಹೆಣ್ಣು ಒಂದೇ ಋತುವಿನಲ್ಲಿ ಹತ್ತು ಸಲದವರೆಗೂ ಹೀಗೆ ಇಡಬಲ್ಲದು. ತಮಿಳುನಾಡಿನ ವೇಂಬನೂರು ಕೆರೆಯಲ್ಲಿ ಕಂಚು ರೆಕ್ಕೆಯವುಗಳನ್ನು ಅಧ್ಯಯನ ಮಾಡಿದವರು ಕಂಡದ್ದು ಇನ್ನೂ ತಮಾಷೆ: ಒಂದು ಹೆಣ್ಣಿನ ಸುತ್ತಲಿನ ಗಂಡುಗಳು ಅದನ್ನು ತಮ್ಮತ್ತ ಕರೆಯಲು ಪೈಪೋಟಿಯ ಮೇಲೆ ಕೂಗುತ್ತವೆ.

ಇದನ್ನು ಬೇಜವಾಬ್ದಾರಿ ಅಂತ ಬೈಯುವವರು ಗೂಡನ್ನೊಮ್ಮೆ ನೋಡಬೇಕು. ತೇಲುವ ಎಲೆಯ ಮೇಲೆ ಹಿಡಿಯಷ್ಟು ಜೊಂಡು, ಅಷ್ಟೇ. ನೀರೇರಿದರೆ, ಹಾವೋ ಕಾಗೆಯೋ ಬಂದರೆ ಲೆಕ್ಕ ಮುಗಿಯಿತು. ನಷ್ಟ ಹೆಚ್ಚಿರುವ ಈ ವ್ಯಾಪಾರದಲ್ಲಿ ಬೇಗ ಬೇಗ ಮತ್ತೆ ಬಂಡವಾಳ ಹೂಡಬಲ್ಲ ಹೆಣ್ಣಿಗೆ ಕಾವಿನಿಂದ ಬಿಡುವು ಸಿಕ್ಕಿದ್ದು ಸರಿಯಾಗೇ ಇದೆ. (ಕಾಮರ್ಸ್‌ನವನ ಬುದ್ಧಿ, ಕ್ಷಮಿಸಿ.)

ಗಂಡು ಸುಮಾರು ಇಪ್ಪತ್ತಾರು ದಿನ ಕಾವು ಕೊಡುತ್ತದೆ. ಗೂಡು ಮುಳುಗುವಂತಾದರೆ ಮೊಟ್ಟೆಗಳನ್ನು ಬೇರೆ ಕಡೆಗೆ ಸರಿಸುವುದೂ ಉಂಟು. ಮರಿಗಳು ಹುಟ್ಟುತ್ತಲೇ ನಡೆದಾಡಿ ತಾವೇ ಮೇಯುತ್ತವೆ; ಅಪಾಯ ಬಂದಾಗ ಕೊಕ್ಕಿನ ತುದಿ ಮಾತ್ರ ಹೊರಗಿಟ್ಟು ನೀರಲ್ಲಿ ಅಡಗುತ್ತವೆ. ಕಂಚು ರೆಕ್ಕೆಯ ಅಪ್ಪನಂತೂ ಮರಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಬಿಡುತ್ತದೆ, ಹೊರಗೆ ಮರಿಗಳ ಕಾಲುಗಳಷ್ಟೇ ಜೋತಾಡುತ್ತಿರುತ್ತವೆ.

ಊರ ಕೆರೆಗಳ ಅಂತರಗಂಗೆ ತೆಗೆಯುವುದು ಬೇಕಾದ ಕೆಲಸವೇ. ಆದರೆ ಜುಲೈ, ಆಗಸ್ಟ್‌ನಲ್ಲಿ ಯಂತ್ರ ಇಳಿಸಿ ತಾವರೆ, ನೈದಿಲೆ ಸಮೇತ ಬಾಚಿದರೆ ಗೂಡೂ ಹೋಗುತ್ತದೆ, ಎರಡನೇ ಗೂಡಿಗೆ ಜಾಗವೂ ಹೋಗುತ್ತದೆ. ಕಂದು ಮೊಟ್ಟೆ ಒದ್ದೆ ಜೊಂಡಿನ ನಡುವೆ ದೋಣಿಯವನಿಗೂ ಕಾಣೋದಿಲ್ಲ. ಆ ಕೆಲಸ ಮಳೆಗಾಲ ಕಳೆದ ಮೇಲೆ ಶುರುವಾದರೆ, ಬಹುಪಾಲು ಮರಿಗಳು ಅಷ್ಟರಲ್ಲಿ ಹಾರಲು ಕಲಿತಿರುತ್ತವೆ.